ಬೆಳ್ಳಿ ಬಡಿದ ಸೀಮೆಯಲ್ಲಿ

ಚಳ್ಳಕೆರೆ ಬಂತೆಂದು ಮೊದಲು ಗೊತ್ತಾಗುವುದು ಮೂಗಿಗೆ. ಮಿಲ್ಲಿನಿಂದ ಆಗಷ್ಟೇ ಇಳಿದ ಶೇಂಗಾ ಎಣ್ಣೆಯ ಬೆಚ್ಚನೆಯ ಘಮ, ಹಿಂಡಿ ಮೂಟೆಗಳ ಒಗರು, ಅದರ ನಡುವೆ ಎಲ್ಲಿಂದಲೋ ತೇಲಿಬರುವ ಕುರಿ ಉಣ್ಣೆಯ ವಾಸನೆ. ಎಣ್ಣೆಗೂ ಕರಿ ಕಂಬಳಿಗೂ ಹೆಸರಾದ ಊರಿದು. ಬಿಸಿಲಿನ್ನೂ ಚುರುಕಾಗಿಲ್ಲ. ಅಂಗಡಿಗಳ ರೋಲಿಂಗ್ ಷಟರುಗಳು ಒಂದೊಂದಾಗಿ ಮೇಲೇರುತ್ತಿವೆ. ಪೇಟೆಯ ಗದ್ದಲದೊಳಗಿಂದ ಟಕ್ ಟಕ್ ಎಂಬ ಸಣ್ಣ ಸದ್ದೊಂದು ಬರುತ್ತಿದೆ. ಬನ್ನಿ, ಆ ಸದ್ದಿನ ಜಾಡು ಹಿಡಿದೇ ಹೋಗೋಣ.

ಗಲ್ಲಿಯ ಒಳಗೆ ಒಬ್ಬರು ಮಾತ್ರ ಕೂರಬಹುದಾದ ಅಂಗಡಿ. ಒಳಗೆ ಹಿರಿಯ ಅಕ್ಕಸಾಲಿಯೊಬ್ಬರು ಮಣೆಯ ಮೇಲೆ ಕೂತಿದ್ದಾರೆ. ಮುಂದೆ ಕಂಚಿನ ಅಚ್ಚು. ಅದರ ಗುಳಿಯಲ್ಲಿ ಅಂಗೈ ಅರ್ಧದಷ್ಟಿರುವ ದೇವಿಯ ಮುಖ ಒಳಮುಖವಾಗಿ ಕೊರೆದಿದೆ. ಅಚ್ಚಿನ ಮೇಲೆ ತೆಳ್ಳನೆಯ ಬೆಳ್ಳಿ ತಗಡು ಇಡುತ್ತಾರೆ, ತಗಡಿನ ಮೇಲೆ ಸೀಸದ ತುಂಡು ಇಡುತ್ತಾರೆ, ಸುತ್ತಿಗೆ ಎತ್ತಿ ಒಂದೇ ಅಳತೆಯಲ್ಲಿ ಬಡಿಯುತ್ತಾರೆ. ಸೀಸ ಮೆತ್ತಗಿನ ಲೋಹ, ಬೆಳ್ಳಿಯನ್ನು ಹರಿಯಗೊಡದೆ ಅಚ್ಚಿನ ಮೂಲೆಮೂಲೆಗೂ ತಳ್ಳುತ್ತದೆ. ತಗಡು ಎತ್ತಿದಾಗ ಅಗಲ ಕಣ್ಣು, ನೀಳ ಮೂಗು, ನತ್ತು, ಹಣೆಯ ಬೊಟ್ಟು ಎಲ್ಲವೂ ಉಬ್ಬಿ ನಿಂತಿವೆ.

"ಕುಂದ್ರಿ ಸ್ವಾಮಿ," ಅನ್ನುತ್ತಾರೆ ತಲೆ ಎತ್ತದೆ. "ಹರಕೆ ಮುಖ ಇದು. ಈ ಅಚ್ಚು ನಮ್ಮಜ್ಜನ ಕಾಲದ್ದು. ಪೆಟ್ಟು ಸಡಿಲ ಬಿದ್ರೆ ಅಮ್ಮನ ಕಣ್ಣು ಮಂಕಾಯ್ತದೆ, ಜಾಸ್ತಿ ಬಿದ್ರೆ ತಗಡೇ ಸೀಳ್ತದೆ. ಕೈಗೆ ಗೊತ್ತಿರಬೇಕು ಅಷ್ಟೆ."

ಆ ಕೈಯನ್ನು ನೋಡುತ್ತಾ ನಿಂತವರಿಗೆ ಹಳೆಯ ಕಮ್ಮಟಗಳೇ ಕಣ್ಣೆದುರು ಬರುತ್ತವೆ. ಯಂತ್ರ ಬರುವ ಮುಂಚೆ ಲೋಕದ ಎಷ್ಟೋ ನಾಣ್ಯಗಳು ಹುಟ್ಟಿದ್ದು ಹೀಗೇ, ಸುತ್ತಿಗೆಯ ಪೆಟ್ಟಿನಿಂದ. ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ನೆಡುತ್ತಿದ್ದರು, ತೂಗಿ ಕತ್ತರಿಸಿದ ಲೋಹದ ಬಿಲ್ಲೆಯನ್ನು ಅದರ ಮೇಲಿಡುತ್ತಿದ್ದರು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಬಡಿಯುತ್ತಿದ್ದರು. ಕೈ ಒಂದಿಷ್ಟು ಓರೆಯಾದರೆ ದೇವರ ಕಿರೀಟ ಬಿಲ್ಲೆಯ ಆಚೆಗೇ ಉಳಿಯುತ್ತಿತ್ತು. ಹಾಗಾಗಿ ಬಡಿದ ನಾಣ್ಯ ಎರಡು ಒಂದೇ ತೆರನಾಗಿ ಇರುವುದಿಲ್ಲ. ಪ್ರತಿಯೊಂದರ ಮೇಲೂ ಯಾರೋ ಒಬ್ಬ ಹೆಸರಿಲ್ಲದ ಕಮ್ಮಟಿಗನ ಆ ದಿನದ ಪೆಟ್ಟಿದೆ. ನನಗೆ ಈ ಓರೆ ನಾಣ್ಯಗಳ ಮೇಲೆಯೇ ಪ್ರೀತಿ ಹೆಚ್ಚು.

ಇಲ್ಲಿಂದ ಪಶ್ಚಿಮಕ್ಕೆ ಜಿಲ್ಲಾ ಕೇಂದ್ರ ಚಿತ್ರದುರ್ಗ. ಅದರ ಮಗ್ಗುಲಿನ ಚಂದ್ರವಳ್ಳಿಯ ಕಣಿವೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಉತ್ತರಕ್ಕೆ ಹೊರಡಬೇಕು. ಯಾಕೆಂದರೆ ಈ ಸೀಮೆಯ ಬೆಳ್ಳಿಯ ಕಥೆ ಮಣ್ಣಿನಿಂದ ಎದ್ದು ಬಂದದ್ದು ಅಲ್ಲಿ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅಲ್ಲಿ ಮೊದಲು ಅಗೆಸಿದರು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಮುಂದುವರಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಂದ್ರವಳ್ಳಿಯನ್ನೂ ನಾವೀಗ ಹೋಗಲಿರುವ ಮೊಳಕಾಲ್ಮೂರಿನ ಬ್ರಹ್ಮಗಿರಿಯನ್ನೂ ಜೊತೆಜೊತೆಯಾಗಿ ಅಗೆದರು. ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿದ್ದು ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯ, ದಿನಾರಿಯಸ್! ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳದ್ದು.

ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ಹೆಸರಿನ ದಿನಾರಿಯಸ್‌ಗಳಲ್ಲಿ ಭಾರತಕ್ಕೆ ಹೆಚ್ಚಾಗಿ ಬಂದ ಬಗೆಯದರ ಒಂದು ಮುಖದಲ್ಲಿ ಎಲೆಗಳ ಮಾಲೆ ತೊಟ್ಟ ಅವನ ತಲೆ, ಸುತ್ತ ತಾನು ದೈವತ್ವಕ್ಕೇರಿದ ಅಗಸ್ಟಸ್‌ನ ಮಗನೆಂಬ ಬರಹ. ಇನ್ನೊಂದು ಮುಖದಲ್ಲಿ ರಾಜದಂಡವನ್ನೂ ಟೊಂಗೆಯನ್ನೂ ಹಿಡಿದು ಕೂತ ಹೆಂಗಸು. ತೂಕ ನಾಲ್ಕು ಗ್ರಾಮಿಗೆ ಚೂರು ಕಡಿಮೆ. ಮೆಣಸು, ನವಿರು ಬಟ್ಟೆ, ಮುತ್ತುಗಳ ಆ ವ್ಯಾಪಾರದಲ್ಲಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ರೋಮಿನ ಪ್ಲಿನಿ ಸಂಕಟಪಟ್ಟು ಬರೆದಿದ್ದಾನೆ. ಆ ಹರಿವಿನ ಒಂದು ಹನಿ ಕಡಲಿನಿಂದ ಇಷ್ಟು ದೂರದ ಈ ಬಂಡೆಗಳ ನಾಡಿಗೂ ಸಿಡಿದಿತ್ತು. ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದೇ ಚಂದ್ರವಳ್ಳಿಯ ಮಣ್ಣು ಇನ್ನೊಂದು ನಾಣ್ಯವನ್ನೂ ಕೊಟ್ಟಿತು. ಅದು ಬೆಳ್ಳಿಯದಲ್ಲ, ಸೀಸದ್ದು. ಇಲ್ಲೇ ಆಳುತ್ತಿದ್ದ ಸ್ಥಳೀಯ ಒಡೆಯನದು. ಬ್ರಾಹ್ಮಿ ಅಕ್ಷರಗಳಲ್ಲಿ ಸದಕನ ಕಳಲಾಯ ಮಹಾರಠಿ ಎಂಬ ಹೆಸರಿದೆ. ಒಂದು ಬದಿಗೆ ಡುಬ್ಬ ಎತ್ತಿ ನಿಂತ ಗೂಳಿ. ಇನ್ನೊಂದು ಬದಿಗೆ ಕಟಕಟೆಯೊಳಗಿನ ಮರ, ಪಕ್ಕದಲ್ಲಿ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದ ಬೆಟ್ಟದ ಗುರುತು. ರೋಮಿನ ಅರಸ ತನ್ನ ಮುಖವನ್ನೇ ಲೋಕಕ್ಕೆ ಹಂಚಿದ. ನಮ್ಮ ಮಹಾರಠಿ ಎತ್ತು, ಮರ, ಬೆಟ್ಟಗಳನ್ನು ಹಂಚಿದ. ಎರಡೂ ಒಂದೇ ಕಣಿವೆಯ ಮಣ್ಣಿನಲ್ಲಿ ಮಲಗಿದ್ದವು.

ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಆಕಾಶ ಒಮ್ಮೆಲೇ ದೊಡ್ಡದಾಗುತ್ತದೆ. ಕೆಂಪು ನೆಲ, ಶೇಂಗಾ ಹೊಲ, ಬದುವಿನಲ್ಲಿ ಜಾಲಿ, ದೂರದ ದಿಬ್ಬದ ಮೇಲೆ ನಿಧಾನಕ್ಕೆ ತಿರುಗುವ ಗಾಳಿಯಂತ್ರಗಳು. ಎಡಬಲದಲ್ಲಿ ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲುಗಳ ಸೀಮೆ. ಕುದಾಪುರದ ಸುತ್ತ ಈಗ ವಿಜ್ಞಾನ ಸಂಸ್ಥೆಗಳ ಬೇಲಿಗಳು ಉದ್ದಕ್ಕೆ ಹರಿದಿವೆ. ಬೇಲಿಯ ಈಚೆಗೆ ಕುರಿ ಹಿಂಡು, ಹಿಂಡಿನ ಹಿಂದೆ ಕಂಬಳಿ ಹೊದ್ದ ಹುಡುಗ, ಅವನ ಬಾಯಲ್ಲಿ ಹ್ರೂ ಹ್ರೂ ಎಂಬ ಕೂಗು.

ರಸ್ತೆ ಬಿಟ್ಟು ಮಣ್ಣು ದಾರಿಗೆ ಇಳಿದಾಗ ಹಟ್ಟಿಯೊಂದರ ಹೊರಗೆ ಮುಳ್ಳಿನ ರೊಪ್ಪ ಕಾಣುತ್ತದೆ. ಒಳಗೆ ಎತ್ತುಗಳು. ಬಿಳಿ, ಬೂದಿ, ಮಾಸಲು ಕಂದು. ನೇರ ಮೇಲಕ್ಕೆ ಹೋಗಿ ಹಿಂದಕ್ಕೆ ಬಾಗಿದ ಕೊಂಬು. ಯಾವುದರ ಹೆಗಲ ಮೇಲೂ ನೊಗದ ಕಲೆಯಿಲ್ಲ. ಮ್ಯಾಸಬೇಡರ ದೇವರ ಎತ್ತುಗಳು ಇವು. ಇವನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯವರನ್ನು ಮಣ್ಣು ಮಾಡಿದಂತೆ ಮಾಡುತ್ತಾರೆ. ಕಾಯುವವರು ಕಿಲಾರಿಗಳು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಕಿಲಾರಿ ಅಜ್ಜ ನಮ್ಮನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಮುಟ್ಟಿ ನಮಸ್ಕಾರ ಮಾಡ್ಕಳ್ರಪ್ಪ, ಏನೂ ಮಾಡಲ್ಲ," ಅನ್ನುತ್ತಾರೆ. "ಮೇವಿಗೇ ಕಷ್ಟ ಆಗೈತೆ. ಮಳೆ ಹೋದ ವರ್ಷ ಊರೂರು ಅಲೀಬೇಕು. ಆದ್ರೂ ಬಿಡಾಕಾಯ್ತದಾ? ದೇವರು."

ಹಿರಿಯ ಎತ್ತೊಂದು ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಡುಬ್ಬ, ಇಳಿಬಿದ್ದ ಗಂಗೆದೊಗಲು, ಮುಂದಕ್ಕೆ ಚಾಚಿದ ತಲೆ. ಸದಕನ ಮಹಾರಠಿಯ ನಾಣ್ಯದ ಮೇಲಿರುವುದು ಇದೇ ನಿಲುವು. ಎರಡು ಸಾವಿರ ವರ್ಷಗಳ ನಡುವೆ ನೇರ ಗೆರೆ ಎಳೆಯುವ ಆತುರ ನನಗಿಲ್ಲ. ಬೌದ್ಧ, ಶೈವ, ಬುಡಕಟ್ಟಿನ ನಂಬಿಕೆಗಳು ಎಷ್ಟೋ ಬಂದು ಕೂಡಿ ಹೋಗಿವೆ. ಆದರೆ ದನವೇ ಸಂಪತ್ತಾಗಿದ್ದ ಹುಲ್ಲುಗಾವಲಿನಲ್ಲಿ ಅಧಿಕಾರಕ್ಕೆ ಗುರುತು ಬೇಕಾದಾಗ ಒಡೆಯನ ಕಣ್ಣು ಎಲ್ಲಿಗೆ ಹೋಗಿರಬಹುದು ಎನ್ನುವುದು ಈ ರೊಪ್ಪದಲ್ಲಿ ನಿಂತರೆ ತಾನಾಗಿ ಹೊಳೆಯುತ್ತದೆ.

ತಳುಕು ದಾಟುತ್ತೇವೆ. ಟಿ.ಎಸ್. ವೆಂಕಣ್ಣಯ್ಯನವರ, ತರಾಸು ಅವರ ಮನೆತನದ ಊರು. ಮುಂದೆ ಬಿ.ಜಿ. ಕೆರೆ, ಹಾನಗಲ್. ಬಂಡೆಗುಡ್ಡಗಳು ರಸ್ತೆಗೆ ಹತ್ತಿರ ಸರಿಯುತ್ತವೆ. ಒಂದು ಸಾವಿರ ವರ್ಷದ ಹಿಂದೆ ಈ ನೆಲಕ್ಕೆ ನೊಳಂಬವಾಡಿ ಎಂದು ಹೆಸರು. ನೊಳಂಬವಾಡಿ 32000 ಎಂದು ಶಾಸನಗಳು ಕರೆಯುತ್ತವೆ. ನೊಳಂಬ ಪಲ್ಲವರ ರಾಜಧಾನಿ ಹೇಮಾವತಿ ಈಗ ಗಡಿಯಾಚೆ ಆಂಧ್ರದಲ್ಲಿದೆ.

ಈ ನೆಲದ ಹೆಸರು ಒಂದು ನಾಣ್ಯದ ಮೇಲೆ ಅಚ್ಚಾಗಿದೆ. ಹೊಯ್ಸಳ ವಿಷ್ಣುವರ್ಧನ 1116ರಲ್ಲಿ ತಲಕಾಡನ್ನು ಗೆದ್ದು, ಆಮೇಲೆ ನೊಳಂಬವಾಡಿಯನ್ನೂ ವಶ ಮಾಡಿಕೊಂಡು ಬಂಗಾರದ ನಾಣ್ಯ ಹೊರಡಿಸಿದ. ಒಂದರ ಮೇಲೆ ತಲಕಾಡುಗೊಂಡ, ಇನ್ನೊಂದರ ಮೇಲೆ ನೊಳಂಬವಾಡಿಗೊಂಡ. ಹಳಗನ್ನಡದ ದುಂಡನೆಯ ಲಿಪಿ, ಸಾಲು ಸಾಲಾಗಿ. ಹಿಂದೆ ತಿರುಗಿಸಿದರೆ ಬಾಯಿ ತೆರೆದ ಸಿಂಹ, ಬಾಲ ಮೇಲಕ್ಕೆ ಸುರುಳಿ, ಅದರ ಬೆನ್ನ ಮೇಲ್ಗಡೆ ಇನ್ನೊಂದು ಪುಟ್ಟ ಸಿಂಹ. ಬೇಲೂರಿನ ಬಾಗಿಲಲ್ಲಿ ಆಳೆತ್ತರಕ್ಕೆ ನಿಂತ ರಾಜಲಾಂಛನದ ಸಿಂಹವೇ ಇಲ್ಲಿ ಹೆಬ್ಬೆರಳಿನ ಉಗುರಿನಷ್ಟಕ್ಕೆ ಇಳಿದು ಬಂದಿದೆ. ಗೆದ್ದವನ ಬಿರುದು ನೊಳಂಬವಾಡಿಯ ಸಂತೆಗೂ ಬಂದು ಇಲ್ಲಿನವರ ಕೈಗೇ ಸಿಕ್ಕಿರಬೇಕು. ಆ ಮಂದಿಗೆ ಅದನ್ನು ಹಿಡಿದಾಗ ಏನನ್ನಿಸಿತೋ!

ಇಲ್ಲೊಂದು ಪ್ರಶ್ನೆ ಏಳುತ್ತದೆ. ನಡುಗಾಲದ ಇಂಗ್ಲೆಂಡ್‌ನಲ್ಲಿ, ವೆನಿಸ್‌ನಲ್ಲಿ, ದಿಲ್ಲಿಯಲ್ಲಿ ಬೆಳ್ಳಿಯೇ ದೊರೆ. 1247ರಲ್ಲಿ ಮೂರನೆಯ ಹೆನ್ರಿ ತನ್ನ ಬೆಳ್ಳಿ ಪೆನ್ನಿಯ ಮೇಲಿನ ಶಿಲುಬೆಯ ನಾಲ್ಕೂ ತೋಳುಗಳನ್ನು ಅಂಚಿನವರೆಗೆ ಚಾಚಿಸಿದ. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರು ದೇವರ ಗುರುತನ್ನೇ ಕತ್ತರಿಸಬೇಕಾಗುತ್ತಿತ್ತು, ಕಳವು ಕಣ್ಣಿಗೂ ಬೀಳುತ್ತಿತ್ತು. ವೆನಿಸ್‌ನ ಗ್ರೋಸೊ ನಾಣ್ಯದ ಒಂದು ಕಡೆ ಸಿಂಹಾಸನದ ಮೇಲೆ ಕ್ರಿಸ್ತ, ಇನ್ನೊಂದು ಕಡೆ ಊರಿನ ಒಡೆಯನಿಗೆ ಧ್ವಜ ಕೊಡುವ ಸಂತ ಮಾರ್ಕ್. ದಿಲ್ಲಿಯ ಇಲ್ತುತ್ಮಿಶ್‌ನ ಟಂಕದ ಮೇಲೆ ಕಲಿಮಾದ ಚೆಲುವಾದ ಅಕ್ಷರಗಳು. ಹಾಗಿದ್ದರೆ ನಮ್ಮ ಕಡೆ ಬೆಳ್ಳಿ ಯಾಕಿಷ್ಟು ಕಡಿಮೆ? ನಮ್ಮಲ್ಲಿ ಹಟ್ಟಿ, ಕೋಲಾರಗಳ ಬಂಗಾರವಿತ್ತು, ಬೆಳ್ಳಿಯ ಗಣಿ ಇರಲಿಲ್ಲ. ಬೆಳ್ಳಿ ಹೊರಗಿಂದ ಬರಬೇಕಿತ್ತು. ಹಾಗಾಗಿ ಗದ್ಯಾಣ, ಹೊನ್ನು, ಪಣ, ಹಾಗಗಳ ಲೆಕ್ಕದಲ್ಲಿ ಕನ್ನಡ ನಾಡು ಬಂಗಾರವನ್ನೇ ಸಾಸಿವೆಯಷ್ಟಾಗುವ ತನಕ ಒಡೆದು ಬಳಸಿತು.

ಬೆಳ್ಳಿ ಪೂರ್ತಿ ಇಲ್ಲವೆಂದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ಕಾಲದ ಚಲಾವಣೆಯನ್ನು ಬಿಡಿಸಿ ಹೇಳಿದ್ದಾನೆ. ಬಂಗಾರದ ವರಹ, ಪ್ರತಾಪ, ಹಣ. ಶುದ್ಧ ಬೆಳ್ಳಿಯದು ತಾರ, ಒಂದು ಹಣಕ್ಕೆ ಆರು. ತಾಮ್ರದ್ದು ಜಿತಲ್, ಒಂದು ತಾರಕ್ಕೆ ಮೂರು. ತಾರ ಒಂದು ಗ್ರಾಮೂ ತೂಗದ ಚೂರು. ಬೆರಳ ಸಂದಿಯಲ್ಲಿ ಜಾರಿ ಧೂಳಿಗೆ ಬಿದ್ದರೆ ಸಿಗುವುದು ಕಷ್ಟ. ಹಂಪಿಯ ರಾಜಬೀದಿಯಲ್ಲಿ ಹೂವಿಗೋ ಎಲೆ ಅಡಿಕೆಗೋ ಕೈ ಬದಲಾಯಿಸಿದ ಬೆಳ್ಳಿ ಇದು.

ಮೊಳಕಾಲ್ಮೂರಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿದೆ. ಗುಡ್ಡಗಳು ಊರನ್ನು ಮೂರು ಕಡೆಯಿಂದ ಒತ್ತಿಕೊಂಡಿವೆ. ಅತ್ತ ನುಂಕೆಮಲೆ, ಅದರ ಮೇಲೆ ನುಂಕೆಭೈರವ. ಇತ್ತ ಓಣಿಯ ಮನೆಮನೆಯಿಂದ ಕೈಮಗ್ಗದ ಲಟಪಟ. ಒಂದು ಮನೆಯ ಹೊಸ್ತಿಲು ದಾಟುತ್ತೇವೆ. ಕತ್ತಲೆ ಕೋಣೆ, ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಅಕ್ಕ. ಮಗ್ಗದ ಮೇಲೆ ಮಾವಿನ ಚಿಗುರಿನ ಬಣ್ಣದ ರೇಷ್ಮೆ, ಅಂಚಿಗೆ ಕಡುಗೆಂಪು. ಲಾಳಿ ಅತ್ತಿಂದಿತ್ತ ಹಾರುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮೊಳಕಾಲ್ಮೂರು ಸೀರೆ ಎಳೆ ಎಳೆಯಾಗಿ ಬೆಳೆಯುತ್ತಿದೆ.

"ಇದು ಜರಿ ಸ್ವಾಮಿ," ಎಂದು ಅಕ್ಕ ಒಂದು ಉಂಡೆಯನ್ನು ಬೆಳಕಿಗೆ ಹಿಡಿಯುತ್ತಾರೆ. "ಅಸಲಿ ಜರಿ ಒಳಗೆ ಬೆಳ್ಳಿ ಇರ್ತದೆ. ಮೇಲೆ ಬಂಗಾರದ ನೀರು."

ಬಡಿದು ಎಳೆದು ಕೂದಲಿಗಿಂತ ತೆಳುವಾಗಿಸಿದ ಬೆಳ್ಳಿ. ಅದೇ ಜರಿಯಿಂದ ಸೆರಗಿನಲ್ಲಿ ಒಂದು ಹಕ್ಕಿ ಮೂಡುತ್ತಿದೆ. ಒಂದೇ ಮೈ, ಎರಡು ತಲೆ, ಎರಡು ಕಡೆ ಚಾಚಿದ ರೆಕ್ಕೆ. ಗಂಡಭೇರುಂಡ! ಮಗ್ಗದ ಬದಿಯಲ್ಲಿ ಹಾಗೇ ಕುಕ್ಕರಿಸಿಬಿಡುತ್ತೇನೆ. ಅಚ್ಯುತರಾಯ 1529ರಿಂದ 1542ರವರೆಗೆ ವಿಜಯನಗರವನ್ನು ಆಳಿದಾಗ ಅವನ ವರಹಗಳ ಮೇಲೆ ಹಾರಿದ ಹಕ್ಕಿ ಇದು. ಆ ನಾಣ್ಯದಲ್ಲಿ ಅದರ ಎರಡು ಕೊಕ್ಕಿಗೂ ಎರಡು ಕಾಲಿಗೂ ಒಂದೊಂದು ಆನೆ ಸಿಕ್ಕಿಕೊಂಡಿದೆ. ಗುಂಡಿಯಷ್ಟು ಜಾಗದಲ್ಲಿ ಒಂದು ಹಕ್ಕಿ, ನಾಲ್ಕು ಆನೆ! ಅಚ್ಚು ಕೊರೆದವನ ಕಣ್ಣು, ಕೈ ಎಂಥವಿರಬೇಕು? ಮೊದಲ ಹರಿಹರ ಬುಕ್ಕರ ಕಾಲಕ್ಕೆ ಹನುಮಂತ, ಗರುಡ. ಇಮ್ಮಡಿ ಹರಿಹರನಿಗೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣ. ಕೃಷ್ಣದೇವರಾಯನಿಗೆ ಬೆಣ್ಣೆ ಹಿಡಿದ ಬಾಲಕೃಷ್ಣ. ವಿಜಯನಗರದ ಕಮ್ಮಟ ಒಂದು ದೇವರ ಜಗುಲಿಯೇ ಆಗಿತ್ತು. ಈ ದೇವರುಗಳು ಸಾಮ್ರಾಜ್ಯ ಬಿದ್ದ ಮೇಲೂ ಹೋಗಲಿಲ್ಲ. ಇಕ್ಕೇರಿಯ ವರಹದ ಶಿವಪಾರ್ವತಿಯರನ್ನು ಹೈದರಾಲಿ ತೆಗೆಸದೆ ಉಳಿಸಿಕೊಂಡ, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. 1779ರಲ್ಲಿ ಚಿತ್ರದುರ್ಗ ಅವನ ವಶವಾಯಿತು. ಮಗ ಟಿಪ್ಪು ಅದನ್ನು ಫರ್ರುಖ್‌ಯಾಬ್ ಹಿಸಾರ್ ಎಂದು ಕರೆದು ಅಲ್ಲೇ ಕಮ್ಮಟ ನಡೆಸಿದ, ತಾಮ್ರದ ಕಾಸಿನ ಮೇಲೆ ಆನೆಯನ್ನು ನಡೆಸಿದ. ಗಂಡಭೇರುಂಡವಂತೂ ಮೈಸೂರು ಒಡೆಯರ ಲಾಂಛನವಾಗಿ, ಈಗ ಕರ್ನಾಟಕ ಸರ್ಕಾರದ ಪ್ರತಿ ಕಾಗದದ ನೆತ್ತಿಯ ಮೇಲಿದೆ.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಅಶೋಕ ಸಿದ್ದಾಪುರದ ದಾರಿ. ಚಿನ್ನಹಗರಿಯ ಮರಳು ಹಾಸು, ಆಚೆ ಈರುಳ್ಳಿ ಹೊಲ, ಅದರಾಚೆ ಒಂಟಿ ಸಲಗದ ಗತ್ತಿನಲ್ಲಿ ನಿಂತ ಬ್ರಹ್ಮಗಿರಿ. ಬುಡದಲ್ಲಿ ಅಕ್ಷರಗುಂಡು. ಗುಂಡಿನ ಓರೆ ಮೈಮೇಲೆ ಅಂಕುಡೊಂಕಾದ ಬ್ರಾಹ್ಮಿ ಸಾಲುಗಳು. 1892ರಲ್ಲಿ ಬಿ.ಎಲ್. ರೈಸ್ ಇದನ್ನು ಗುರುತಿಸುವವರೆಗೂ ಊರಿನವರಿಗೆ ಇದು ಔಷಧಿಯ ಗುಣವುಳ್ಳ ಬಂಡೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಇಲ್ಲಿನ ಇಸಿಲದ ಮಹಾಮಾತ್ರರಿಗೆ, ಎಂದರೆ ಅಧಿಕಾರಿಗಳಿಗೆ, ಕ್ಷೇಮ ಕೇಳಿ ಕಳಿಸಿದ ಅಶೋಕನ ಆಜ್ಞೆ ಅದರಲ್ಲಿದೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಮಾತುಗಳು. ಕೊನೆಗೆ ಬರೆದವನ ಹೆಸರು ಚಪಡ. ಅವನು ತಾನು ಲಿಪಿಕಾರನೆಂಬುದನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಗಾಂಧಾರದ ಕಡೆಯ ಅಕ್ಷರ ಬಲ್ಲ ಮನುಷ್ಯ ಈ ಬಿಸಿಲಲ್ಲಿ ಉಳಿ ಹಿಡಿದು ನಿಂತಿದ್ದ!

ಇಸಿಲದ ಆ ಅಧಿಕಾರಿಗಳ ಕಾಲದ ಹಣ ಬೆಳ್ಳಿಯದೇ. ಕಾರ್ಷಾಪಣ. ಸುಮಾರು ಮೂರೂವರೆ ಗ್ರಾಮಿನ ಚಪ್ಪಟೆ ತುಂಡು, ತೂಕ ಸರಿಮಾಡಲು ಮೂಲೆ ಕತ್ತರಿಸಿದ್ದು. ಅದಕ್ಕೆ ಪೂರ್ತಿ ಅಚ್ಚು ಇರಲಿಲ್ಲ. ಸಣ್ಣ ಸಣ್ಣ ಮುದ್ರೆಯುಳಿಗಳನ್ನು ಒಂದೊಂದಾಗಿ ಇಟ್ಟು ಐದು ಪೆಟ್ಟು ಹೊಡೆಯುತ್ತಿದ್ದರು. ಸೂರ್ಯ, ಆರು ಕೈಯ ಚಕ್ರ, ಗೂಳಿ, ಆನೆ, ಮರ ಹೀಗೆ. ಮೌರ್ಯರ ಕಾಲದವುಗಳಲ್ಲಿ ಎದ್ದು ಕಾಣುವುದು ಮೂರು ಕಮಾನಿನ ಬೆಟ್ಟ, ಅದರ ನೆತ್ತಿಗೆ ಬಾಲಚಂದ್ರ. ಚಂದ್ರವಳ್ಳಿಯ ಸೀಸದ ನಾಣ್ಯದ ಬೆಟ್ಟ ಇದರದ್ದೇ ಮುಂದಿನ ಪೀಳಿಗೆ. ರಾಜ್ಯ ಅಳಿದರೂ ಗುರುತು ಉಳಿದು, ಲೋಹ ಬದಲಿಸಿ, ಸ್ಥಳೀಯ ಒಡೆಯನ ಕೈ ಸೇರಿತ್ತು. ಅಕ್ಷರಗುಂಡಿನ ಪಕ್ಕದಲ್ಲಿ ನಿಂತು ತಲೆ ಎತ್ತಿದರೆ ಬ್ರಹ್ಮಗಿರಿಯ ಗುಂಡುಗಳು ಒಂದರ ಮೇಲೊಂದು ಕಮಾನು ಕಟ್ಟಿ ಏರಿವೆ. ಆ ಗುರುತನ್ನು ಈ ಸೀಮೆಯ ಜನ ಯಾಕೆ ಬಿಡಲಿಲ್ಲ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ವ್ಹೀಲರ್ ಇಲ್ಲೇ ಅಗೆದು ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಆಮೇಲಿನ ಶಾತವಾಹನ ಕಾಲದ ಜನ ಎಂದು ಪದರ ಪದರವಾಗಿ ಬಿಡಿಸಿದರು. ಆ ಪದರಗಳಿಗೆ ಕಾಲ ಕಟ್ಟಲು ನೆರವಾದದ್ದು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ಅವರೇ ಗುರುತಿಸಿದ್ದ ಬಗೆಯ ಮಡಕೆ ಚೂರುಗಳು, ಜೊತೆಗೆ ಚಂದ್ರವಳ್ಳಿಯ ಟೈಬೀರಿಯಸ್ ಬೆಳ್ಳಿ. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲದ ಲೆಕ್ಕಾಚಾರಕ್ಕೆ ಒಂದು ನಾಣ್ಯ ಗೂಟವಾಯಿತು. ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದು ಬರೆದಿಟ್ಟಿದ್ದರಿಂದ ಮಾತ್ರ ಅದು ಸಾಧ್ಯವಾಯಿತು.

ಎದುರಿನ ಬೆಟ್ಟ ಜಟಿಂಗ ರಾಮೇಶ್ವರ. ಜಟಾಯು ಬಿದ್ದ ಜಾಗವೆಂದು ನಂಬಿಕೆ. ಮೆಟ್ಟಿಲೇರಿದರೆ ಮೇಲೆ ಅಶೋಕನ ಇನ್ನೊಂದು ಬರಹ. ಅದರ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಚಪ್ಪರದ ಗೂಟ ನೆಡಲು ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದರಿಂದ ಎಷ್ಟೋ ಭಾಗ ಅಳಿಸಿಹೋಗಿದೆ. ಗುಡಿಯ ಬಳಿ 11ನೇ ಶತಮಾನದ ಚಾಲುಕ್ಯರ ಶಾಸನಗಳಿವೆ. ಮೇಲಿಂದ ನೋಡಿದರೆ ಕೆಂಪು, ಕಪ್ಪು, ಹಸಿರು ಹೊಲಗಳು, ನಡುವೆ ಚಿನ್ನಹಗರಿಯ ಬಿಳಿ ಗೆರೆ, ಆಚೆ ರಾಯದುರ್ಗದ ಬೆಟ್ಟಗಳು.

ಆ ಹೊಲಗಳಲ್ಲಿ ಮಳೆ ಹೊಯ್ದ ಮಾರನೆಯ ದಿನ ಇವತ್ತಿಗೂ ಏನಾದರೂ ಮೇಲೆದ್ದು ಬರಬಹುದು. ಮಡಕೆ ಚೂರು, ಮಣಿ, ಹಸಿರುಗಟ್ಟಿದ ಬಿಲ್ಲೆ. ನಿಮ್ಮ ಊರಿನಲ್ಲೋ ನೆಂಟರ ಹೊಲದಲ್ಲೋ ಅಂಥದ್ದು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕರಗಿಸಲು ಅಂಗಡಿಗೆ ಒಯ್ಯಬೇಡಿ. ಸಿಕ್ಕ ಜಾಗವನ್ನು ಗುರುತು ಮಾಡಿಟ್ಟು ತಹಸೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ಕಾನೂನು ಕೇಳುವುದೂ ಅದನ್ನೇ. ಕರಗಿಸಿದ ಕಾರ್ಷಾಪಣಕ್ಕೆ ಮೂರೂವರೆ ಗ್ರಾಂ ಬೆಳ್ಳಿಯ ದುಡ್ಡು ಬರುತ್ತದೆ, ಅಷ್ಟೇ.